ಏರು ದನಿಗೆ ಹೋಗುವ ಮುಂಚೆ: ಭಜನೆಗೆ ಕೂರುವವರಿಗೆ 15 ನಿಮಿಷದ ತಯಾರಿ

ಶ್ರಾವಣ ಬಂತೆಂದರೆ ನಮ್ಮ ರಬಕವಿ-ಬನಹಟ್ಟಿ ಕಡೆ ರಾತ್ರಿ ಹೊತ್ತು ಯಾವ ಓಣಿಗೆ ಹೋದರೂ ಪೇಟಿ (ಹಾರ್ಮೋನಿಯಂ) ಸದ್ದು ಕೇಳುತ್ತದೆ. ಊಟ ಮುಗಿಸಿ ಒಂಬತ್ತಕ್ಕೆ ಎಲ್ಲರೂ ಗುಡಿಗೆ ಬರುತ್ತಾರೆ. ಪೇಟಿ ಬಿಚ್ಚುತ್ತಾರೆ, ತಾಳ ಒರೆಸುತ್ತಾರೆ. ತಬಲಾದವರು ಸುತ್ತಿಗೆ ಹಿಡಿದು ಹತ್ತು ನಿಮಿಷ ಕುಟ್ಟಿ ಕುಟ್ಟಿ ಶ್ರುತಿ ಕೂಡಿಸುತ್ತಾರೆ. ಹಾಡುವವನ ಗಂಟಲಿಗೆ ಮಾತ್ರ ಒಂದು ನಿಮಿಷವೂ ಸಿಗುವುದಿಲ್ಲ. ಒಂದು ಗುಟುಕು ಚಹಾ ಕುಡಿದು, ಒಮ್ಮೆ ಖ್ಯಾಕರಿಸಿ, ಸೀದಾ ಕರಿ 4ರ ಪಟ್ಟಿಯಲ್ಲಿ, ಅಂದರೆ ಪೇಟಿಯ ನಾಲ್ಕನೇ ಕರಿ ಮನೆಯನ್ನು ಷಡ್ಜ (ಸಾ) ಮಾಡಿಕೊಂಡು, ಏರು ದನಿ ತೆಗೆಯುತ್ತಾನೆ.

ನಾನೂ ಬಹಳ ವರ್ಷ ಹೀಗೇ ಹಾಡಿದವನು. ಒಮ್ಮೆ ಜನವರಿ ಚಳಿಯಲ್ಲಿ ಪಕ್ಕದ ಊರಿನ ಜಾತ್ರೆಗೆ ಭಜನಾ ಸ್ಪರ್ಧೆಗೆ ಹೋಗಿದ್ದೆವು. ನಮ್ಮ ಸರದಿ ಬಂದಾಗ ರಾತ್ರಿ ಒಂದೂವರೆ. ಅಲ್ಲಿವರೆಗೆ ನಾನು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕೌದಿ ಹೊದ್ದು ಮಲಗಿದ್ದೆ. ಎಬ್ಬಿಸಿದರು. ಮುಖಕ್ಕೆ ತಣ್ಣೀರು ಹಾಕಿಕೊಂಡು ಹೋಗಿ ಕೂತೆ. ಪಲ್ಲವಿ ಹೇಗೋ ದಾಟಿತು. ಎರಡನೇ ನುಡಿಯಲ್ಲಿ ತಾರ ಷಡ್ಜಕ್ಕೆ (ಮೇಲಿನ ಸಾಗೆ) ಏರಲು ಬಾಯಿ ತೆರೆದೆ, ದನಿ ಬರಲೇ ಇಲ್ಲ. ಬರೀ ಗಾಳಿ ಬಂತು. ತಾಳ ಹಾಕುತ್ತಿದ್ದ ಹುಡುಗ ನನ್ನ ಮುಖ ನೋಡಿ ಪದ ಎತ್ತಿಕೊಂಡ. ಆಮೇಲೆ 12 ದಿನ ಮಗ್ಗದ ಪಕ್ಕ ನಿಂತು ಕೈಸನ್ನೆಯಲ್ಲೇ ಮಾತಾಡಿದೆ.

ನಮ್ಮ ಪೇಟಿ ಮಾಸ್ತರರು ಬೈಯಲಿಲ್ಲ. "ತಮ್ಮಾ, ಎತ್ತನ್ನ ಸುದ್ದಾ ಗ್ವಾದ್ಲಿಯಿಂದ ಬಿಚ್ಚಿ ಸೀದಾ ಓಡಸಂಗಿಲ್ಲ. ಸ್ವಲ್ಪ ಅಡ್ಡಾಡಿಸಿ, ನೀರ ಕುಡಿಸಿ, ಆಮ್ಯಾಲ ಬಂಡಿ ಹೂಡ್ತಾರ. ನೀ ನಿನ್ನ ದನೀನ ನಿದ್ದಿಗಣ್ಣಾಗ ಓಡಿಸೀದಿ" ಅಂದರು. ದನಿ ವಾಪಸು ಬಂದ ಮೇಲೆ ಅವರು ಕಲಿಸಿದ್ದು, ಆಮೇಲೆ ನಾನು ಬೇರೆ ಹಾಡುವವರಿಂದ ಕೇಳಿ ತಿಳಿದದ್ದು, ಎಲ್ಲ ಸೇರಿ ಈಗ 15 ನಿಮಿಷದ ಒಂದು ತಯಾರಿ ಆಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭಜನೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದದ್ದು. ಆದರೆ ಪಾರಿಜಾತದ ಬಯಲಾಟದವರಿಗೂ, ಗೀಗೀ ಪದದವರಿಗೂ, ಸುಗಮ ಸಂಗೀತ ಕಲಿಯುವ ಮಕ್ಕಳಿಗೂ ಇದು ಆಗುತ್ತದೆ.

ಒಳಗೆ ಏನು ನಡೆಯುತ್ತದೆ

ಗಂಟಲ ಗಂಟಿನ ಹಿಂದೆ ಎರಡು ಮೆತ್ತನೆಯ ಮಡಿಕೆಗಳಿವೆ. ಧ್ವನಿತಂತು ಅನ್ನುತ್ತೇವೆ, ಹಾಗಾಗಿ ನಾನು ಎಷ್ಟೋ ವರ್ಷ ಅವು ಮಿರಜಿನ ತಂಬೂರಿಯ ತಂತಿಯ ಹಾಗೆ ಬಿಗಿದಿರುತ್ತವೆ ಅಂದುಕೊಂಡಿದ್ದೆ. ನಿಜವಾಗಿ ಅವು ಹೆಚ್ಚು ಕಡಿಮೆ ನಮ್ಮ ತುಟಿಗಳ ಹಾಗೆ, ಒದ್ದೆಯಾದ ಹಸಿ ಮಾಂಸ. ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ. ಕೆಳಗಿಂದ ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಬಿಟ್ಟು, ತಾಗಿ ಬಿಟ್ಟು ದನಿ ಹುಟ್ಟಿಸುತ್ತವೆ. ಗಂಡಸರು ಪೇಟಿಯ ಕರಿ 1ರ ಷಡ್ಜ ಹಿಡಿದರೆ ಸೆಕೆಂಡಿಗೆ ಸುಮಾರು 139 ಸಲ. ಹೆಂಗಸರು ಕರಿ 5ರ ಷಡ್ಜ ಹಿಡಿದರೆ 233 ಸಲ. ನಾನು ಆ ರಾತ್ರಿ ಏರಲು ಹೋದ ಕರಿ 4ರ ತಾರ ಷಡ್ಜದಲ್ಲಿ 415 ಸಲ! ಹತ್ತು ನಿಮಿಷದ ಒಂದು ಪದ ಮುಗಿಯುವ ಹೊತ್ತಿಗೆ ಲೆಕ್ಕ ಲಕ್ಷದ ಹತ್ತಿರ ಹೋಗುತ್ತದೆ.

ಮಲಗಿ ಎದ್ದಾಗ ಈ ಮಡಿಕೆಗಳು ಸ್ವಲ್ಪ ಊದಿರುತ್ತವೆ. ಮೇಲೆ ಅಂಟಿದ ಸಿಂಬಳ ಗಟ್ಟಿಯಾಗಿರುತ್ತದೆ. ಅದಕ್ಕೇ ಬೆಳಿಗ್ಗೆ ಎಲ್ಲರ ದನಿಯೂ ದಪ್ಪ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಹಗಲೆಲ್ಲ ಪಾವರ್‌ಲೂಮ್ ಪಕ್ಕದಲ್ಲಿ ಇರುವವರು ಆ ಖಟಖಟ ಸದ್ದಿನ ಮೇಲೆ ಕೂಗಿ ಮಾತಾಡಬೇಕು. ಹತ್ತಿಯ ಧೂಳು ಬೇರೆ. ಅವರ ಗಂಟಲು ರಾತ್ರಿ ಗುಡಿಗೆ ಬರುವಾಗಲೇ ಅರ್ಧ ದಣಿದಿರುತ್ತದೆ. ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿ ಬಂದ ಮಕ್ಕಳನ್ನು ನೋಡಿದ್ದೀರಲ್ವಾ? ಒಂದು ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೂ ಆಚೆ ಗೋಡೆಯ ಹತ್ತಿರ ಕೇಳುವ ಜಾಗ ಅದು. ಅಲ್ಲಿ ಹೋಗಿ ಎಲ್ಲರೂ ಕಿರುಚುತ್ತಾರೆ. ಮರುದಿನ ಅರ್ಧ ತರಗತಿಯ ದನಿ ಒಡೆದಿರುತ್ತದೆ. ಮಲಗಿದ್ದ ಗಂಟಲಿಗೂ ದಣಿದ ಗಂಟಲಿಗೂ ಮದ್ದು ಒಂದೇ: ಕೆಳಗಿಂದ, ಮೆಲ್ಲಗೆ ಶುರು ಮಾಡುವುದು.

ತಯಾರಿ ಮಧ್ಯಾಹ್ನದಿಂದಲೇ

ಹಾಡುವ ಐದು ನಿಮಿಷ ಮುಂಚೆ ಒಂದು ಚರಗಿ ನೀರು ಕುಡಿದರೆ ಧ್ವನಿತಂತು ಒದ್ದೆಯಾಗುವುದಿಲ್ಲ. ನೀರು ಹೋಗುವುದು ಅನ್ನನಾಳಕ್ಕೆ, ಧ್ವನಿತಂತು ಇರುವುದು ಉಸಿರಿನ ದಾರಿಯಲ್ಲಿ. ಕುಡಿದ ನೀರು ಮೈಗೆಲ್ಲ ಹತ್ತಿ, ಆಮೇಲೆ ಅಲ್ಲಿಗೆ ಮುಟ್ಟಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ರಾತ್ರಿ ಹಾಡಬೇಕಿದ್ದರೆ ಮಧ್ಯಾಹ್ನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಬೇಸಿಗೆಯಲ್ಲಿ ನಮ್ಮ ಕಡೆಯ ಒಣ ಬಿಸಿಗೆ ಇನ್ನೂ ಜಾಸ್ತಿ ಬೇಕು. ಜೋಳದ ರಾಶಿ ಮಾಡಿದ ದಿನ, ಕಬ್ಬಿನ ರವದಿಗೆ ಬೆಂಕಿ ಹಚ್ಚಿದ ಹೊಲದ ಪಕ್ಕ ಕೆಲಸ ಮಾಡಿದ ದಿನ, ಸಂಜೆ ಮನೆಗೆ ಬಂದು ಐದು ನಿಮಿಷ ಬಿಸಿನೀರಿನ ಹಬೆ ತೆಗೆದುಕೊಳ್ಳಿ. ಹಬೆ ಉಸಿರಿನ ದಾರಿಯಲ್ಲೇ ಹೋಗುವುದರಿಂದ ಸೀದಾ ಧ್ವನಿತಂತಿಗೆ ಮುಟ್ಟುತ್ತದೆ. ಪಾತ್ರೆಯನ್ನು ಗಟ್ಟಿ ಜಾಗದಲ್ಲಿ ಇಡಿ, ಮಕ್ಕಳನ್ನು ದೂರ ಇರಿಸಿ.

ಊಟ ಹಾಡುವ ಎರಡು ಗಂಟೆ ಮುಂಚೆ ಮುಗಿದರೆ ಒಳ್ಳೆಯದು. ಹೊಟ್ಟೆ ಬಿರಿಯ ಉಂಡರೆ ಉಸಿರು ಕೆಳಗೆ ಇಳಿಯುವುದಿಲ್ಲ. ಭಜನೆ ಮುಗಿದ ಮೇಲೆ ನಡುರಾತ್ರಿ ಬರುವ ಮಿರ್ಚಿ ಭಜಿ ಇದೆಯಲ್ಲ, ನನಗೂ ಅದು ಪ್ರಾಣ. ಆದರೆ ಅದನ್ನು ತಿಂದು ಹಾಗೇ ಮಲಗಿದರೆ ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಸುಡುತ್ತದೆ. ಬೆಳಿಗ್ಗೆ ದನಿ ಗೊಗ್ಗರಾಗಿದ್ದರೆ ಹಾಡಿದ್ದಕ್ಕಿಂತ ಭಜಿಯೇ ಕಾರಣ ಇರಬಹುದು.

ಹಸಿ ಶುಂಠಿ, ಮೆಣಸಿನಕಾಳು, ಜೇಷ್ಠಮಧು, ಜೇನುತುಪ್ಪ, ಉಪ್ಪುನೀರಿನ ಮುಕ್ಕಳಿಕೆ ಇವೆಲ್ಲ ಗಂಟಲ ಮೇಲ್ಭಾಗಕ್ಕೆ ಹಿತ ಕೊಡುತ್ತವೆ. ಬೇಕಾದರೆ ತೆಗೆದುಕೊಳ್ಳಿ. ಅಷ್ಟಕ್ಕೇ ದನಿ ತಯಾರಾಯಿತು ಅಂತ ಮಾತ್ರ ನಂಬಬೇಡಿ. ತಂಬಾಕು, ಬೀಡಿ, ಗುಟಖಾ ವಿಷಯದಲ್ಲಿ ನನ್ನ ಮಾತು ಗಟ್ಟಿ. ನಮ್ಮ ಮೇಳಗಳಲ್ಲಿ ಒಳ್ಳೊಳ್ಳೆ ದನಿಗಳು ಇವುಗಳಿಂದಲೇ ಹೋಗಿವೆ. ಸಣ್ಣ ಗುಡಿಯಲ್ಲಿ ಹಾಡುವವರು ಊದುಬತ್ತಿ, ಲೋಬಾನದ ಹೊಗೆ ಬರುವ ಕಡೆ ಕೂರಬೇಡಿ. ಪೂಜಾರಿ ಅಜ್ಜನಿಗೆ ಹೇಳಿದರೆ ಅವರೇ ಆಚೆ ಸರಿಸುತ್ತಾರೆ.

ಮೊದಲು ಮೈ, ಆಮೇಲೆ ಉಸಿರು (ಮೂರು ನಿಮಿಷ)

ಗುಡಿಗೆ ಬಂದ ಮೇಲೆ, ಪೇಟಿ ಮುಂದೆ ಕೂರುವ ಮುಂಚೆ, ಹೊರಗೆ ಕಟ್ಟೆಯ ಹತ್ತಿರ ನಿಲ್ಲಿ. ಭುಜಗಳನ್ನು ಕಿವಿಯವರೆಗೆ ಎತ್ತಿ ದೊಪ್ಪನೆ ಬಿಡಿ, ಐದು ಸಲ. ಕುತ್ತಿಗೆಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸಿ. ಗರಗರ ತಿರುಗಿಸಬೇಡಿ. ಕಿವಿಯ ಮುಂದೆ ದವಡೆ ಕೂಡುವ ಜಾಗಕ್ಕೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ಮಾಡಿ, ಎಲ್ಲಿ ಗಟ್ಟಿ ಅನ್ನಿಸುತ್ತದೋ ಅಲ್ಲಿ ಬೆರಳಿನಿಂದ ನೀವಿ. ಎರಡು ಮೂರು ಸಲ ಆಕಳಿಕೆ ತರಿಸಿಕೊಳ್ಳಿ. ಆಕಳಿಸುವಾಗ ಗಂಟಲು ತಾನಾಗಿ ಅಗಲವಾಗುತ್ತದೆ.

ಇನ್ನು ಉಸಿರು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಪಕ್ಕೆಯ ಮೇಲೆ ಇಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಕೈಗಳು ಹೊರಕ್ಕೆ ಸರಿಯಬೇಕು, ಭುಜ ಏಳಬಾರದು. ಈಗ ಸೈಕಲ್ ಟ್ಯೂಬಿನಿಂದ ಗಾಳಿ ಸೋರುವ ಹಾಗೆ "ಸ್‌ಸ್‌ಸ್" ಅಂತ ಬಿಡಿ. ಮೊದಲು 12 ಎಣಿಸುವವರೆಗೆ, ಆಮೇಲೆ 16, ಆಮೇಲೆ 20. ಸದ್ದು ಶುರುವಿನಲ್ಲಿ ಜೋರು, ಕೊನೆಯಲ್ಲಿ ಕ್ಷೀಣ ಆಗದೆ ಒಂದೇ ಸಮ ಇರಬೇಕು. ನಾಲ್ಕೈದು ಸಲ ಸಾಕು. ತಲೆ ಸುತ್ತಿದರೆ ನಿಲ್ಲಿಸಿ.

"ನನಗೆ ದಮ್ಮೇ ಸಾಲಂಗಿಲ್ರಿ" ಅನ್ನುವವರಿಗೆ ನಾನು ಯಾವಾಗಲೂ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹೆಸರು ಹೇಳುತ್ತೇನೆ. ನಮ್ಮ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಏರು ಯೌವನದಲ್ಲೇ ಕ್ಷಯ ಬಂತು. ಹಾಡಲೇಬಾರದು ಅಂದರು ವೈದ್ಯರು. ಕೆಲವು ವರ್ಷ ದನಿ ಎತ್ತದೆ ಹಾಸಿಗೆ ಹಿಡಿದರು. ಮತ್ತೆ ಹಾಡಲು ಕೂತಾಗ ಒಂದು ಶ್ವಾಸಕೋಶದಲ್ಲಿ ಹೆಚ್ಚು ಬಲ ಉಳಿದಿರಲಿಲ್ಲ. ಆ ಉಸಿರಿನಲ್ಲೇ ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಮಿಂಚಿನ ಹಾಗೆ ಎಸೆಯುವ ತಮ್ಮದೇ ಗಾಯನ ಕಟ್ಟಿದರು. ಇರುವ ಉಸಿರು ಎಲ್ಲಿ ಖರ್ಚಾಗುತ್ತಿದೆ ಅಂತ ಗಮನಿಸಿದರೆ ನಮ್ಮಲ್ಲಿ ಬಹಳ ಜನರಿಗೆ ದಮ್ಮು ಸಾಕಾಗುತ್ತದೆ.

ಲೋಟ ಮತ್ತು ಸ್ಟ್ರಾ (ನಾಲ್ಕು ನಿಮಿಷ)

ಇಡೀ ತಯಾರಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಎಳನೀರಿನ ಅಂಗಡಿಯಲ್ಲಿ ಕೊಡುವ ಸ್ಟ್ರಾ ಒಂದು, ಅರ್ಧ ಲೋಟ ನೀರು. ಸ್ಟ್ರಾದ ತುದಿ ನೀರೊಳಗೆ ಎರಡು ಬೆರಳು ಅಗಲದಷ್ಟು ಮುಳುಗಲಿ. ಇನ್ನೊಂದು ತುದಿಯನ್ನು ತುಟಿಯಿಂದ ಹಗುರವಾಗಿ ಹಿಡಿಯಿರಿ, ಹಲ್ಲಿನಿಂದ ಕಚ್ಚಬೇಡಿ. ಈಗ "ಊ" ಅಂತ ದನಿ ಕೊಡಿ. ನೀರು ಗುಳುಗುಳು ಅನ್ನುತ್ತದೆ.

ಆ ಗುಳ್ಳೆಗಳನ್ನೇ ನೋಡುತ್ತಿರಿ. ಒಂದೇ ಸಮ ಬರುತ್ತಿದ್ದರೆ ಉಸಿರೂ ಒಂದೇ ಸಮ ಹೋಗುತ್ತಿದೆ. ನೀರು ಲೋಟದಿಂದ ಹೊರಗೆ ಚಿಮ್ಮಿದರೆ ಜಾಸ್ತಿ ಒತ್ತುತ್ತಿದ್ದೀರಿ. ನಡುನಡುವೆ ನಿಂತು ನಿಂತು ಬಂದರೆ ಗಂಟಲು ಬಿಗಿಯುತ್ತಿದ್ದೀರಿ. ಇನ್ನೊಂದು ಪರೀಕ್ಷೆ: ದನಿ ಕೊಡುತ್ತಿರುವಾಗಲೇ ಇನ್ನೊಂದು ಕೈಯಿಂದ ಮೂಗು ಹಿಡಿಯಿರಿ. ದನಿ ತಡವರಿಸಿದರೆ ಗಾಳಿ ಮೂಗಿನಿಂದ ಸೋರುತ್ತಿತ್ತು ಅಂತ ಅರ್ಥ. ಎಲ್ಲ ಗಾಳಿಯೂ ಸ್ಟ್ರಾದಿಂದಲೇ ಹೋಗಬೇಕು.

ಒಂದು ನಿಮಿಷ ನಿಮಗೆ ಹಿತವಾದ ಒಂದೇ ಸ್ವರ. ಮುಂದಿನ ನಿಮಿಷ ದನಿಯನ್ನು ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸಿ, ಜೋಕಾಲಿ ಜೀಕಿದ ಹಾಗೆ. ಸ್ವರ ಲೆಕ್ಕ ಹಾಕಬೇಡಿ. ಮೊದಲು ಸಣ್ಣ ಜೀಕು, ಆಮೇಲೆ ದೊಡ್ಡದು. ಕೊನೆಯ ಎರಡು ನಿಮಿಷ ಅಂದು ಹಾಡಬೇಕಾದ ಪದದ ಧಾಟಿಯನ್ನೇ ಸ್ಟ್ರಾದೊಳಗೆ ಹಾಡಿ. ಮಾತು ಇರುವುದಿಲ್ಲ, ಬರೀ "ಊ" ಮತ್ತು ಗುಳ್ಳೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಸ್ಟ್ರಾದ ಸಣ್ಣ ತೂತು ಮತ್ತು ನೀರು ಎರಡೂ ಸೇರಿ ಹೊರಗೆ ಹೋಗುವ ಗಾಳಿಯನ್ನು ಸ್ವಲ್ಪ ತಡೆಯುತ್ತವೆ. ಆ ತಡೆಯ ಒತ್ತಡ ಹಿಂದಕ್ಕೆ ಬಂದು ಧ್ವನಿತಂತುಗಳ ಮೇಲೆ ನಿಲ್ಲುತ್ತದೆ. ಕೆಳಗಿಂದ ಗಾಳಿ ತಳ್ಳುತ್ತಿರುತ್ತದೆ, ಮೇಲಿಂದ ಇದು ಆಸರೆ ಕೊಡುತ್ತದೆ. ಆಗ ತಂತುಗಳು ಒಂದಕ್ಕೊಂದು ಬಲವಾಗಿ ಬಡಿಯದೆ ಹಗುರವಾಗಿ ನಡುಗುತ್ತವೆ.

ನಮ್ಮ ಓಣಿಯ ಹೆಣ್ಣುಮಕ್ಕಳ ಭಜನಾ ಮಂಡಳಿಗೆ ಇದನ್ನು ತೋರಿಸಿದಾಗ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅರವತ್ತು ದಾಟಿದ ಒಬ್ಬ ಅಕ್ಕ ಮಾತ್ರ ಲೋಟ ಕೇಳಿ ತೆಗೆದುಕೊಂಡರು. ಅವರ ದನಿ ಪಂಚಮದ (ಪ ಸ್ವರದ) ಹತ್ತಿರ ಬಂದಾಗ ಪ್ರತಿ ಸಲ ಸೀಳುತ್ತಿತ್ತು. ಸ್ಟ್ರಾದೊಳಗೆ ಜಾರಿಸುತ್ತ ಹೋದರು. ಮೊದಲ ಸಲ ಗುಳ್ಳೆ ನಿಂತಿತು. ಎರಡನೇ ಸಲವೂ ನಿಂತಿತು. ಐದಾರನೇ ಸಲ ಗುಳ್ಳೆ ನಿಲ್ಲದೆ ಹಾಗೇ ಪಂಚಮ ದಾಟಿತು. ಅವರು ಸ್ಟ್ರಾ ಬಾಯಿಂದ ತೆಗೆದು, ಏನೂ ಮಾತಾಡದೆ, ಅದೇ ಜಾಗವನ್ನು ಬಾಯಿ ಬಿಟ್ಟು ಹಾಡಿದರು. ದನಿ ಸೀಳಲಿಲ್ಲ. "ಇನ್ನೊಮ್ಮೆ ನೋಡೂಣು ತಡೀ ತಮ್ಮಾ" ಅಂತ ಮತ್ತೆ ಲೋಟ ಎತ್ತಿಕೊಂಡರು. ನಗುತ್ತಿದ್ದವರೆಲ್ಲ ಸ್ಟ್ರಾ ಹುಡುಕಲು ಶುರು ಮಾಡಿದರು.

ಒಬ್ಬರ ಸ್ಟ್ರಾ ಇನ್ನೊಬ್ಬರು ಬಳಸಬೇಡಿ, ನೆಗಡಿ ಇಡೀ ಮೇಳಕ್ಕೆ ಹಬ್ಬುತ್ತದೆ.

ಸ್ಟ್ರಾ ಸಿಗದಿದ್ದರೆ ತುಟಿ ಇದೆಯಲ್ಲ. ಸಣ್ಣ ಮಕ್ಕಳು ಫಟಫಟಿ ಆಟ ಆಡುವಾಗ "ಭುರ್ರ್" ಅಂತ ತುಟಿ ನಡುಗಿಸುತ್ತಾರೆ, ಹಾಗೇ ಮಾಡಿ, ಜೊತೆಗೆ ದನಿ ಸೇರಿಸಿ. ತುಟಿ ನಿಂತು ಹೋದರೆ ಎರಡೂ ಕೆನ್ನೆಗೆ ಒಂದೊಂದು ಬೆರಳಿಟ್ಟು ಸ್ವಲ್ಪ ಮೇಲೆ ಎತ್ತಿ ಹಿಡಿಯಿರಿ. ಅದೂ ಬಾರದಿದ್ದರೆ ಬಾಯಿ ಮುಚ್ಚಿ "ಮ್‌ಮ್" ಅನ್ನಿ. ಮೂಗಿನ ಪಕ್ಕ, ತುಟಿಯ ಮೇಲೆ ಜುಮು ಜುಮು ಅನ್ನಿಸಬೇಕು.

ಖರ್ಜ (ಮೂರು ನಿಮಿಷ)

ಹಿಂದೂಸ್ತಾನಿ ಕಲಿಯುವವರು ನಸುಕಿನಲ್ಲಿ ಎದ್ದು ಮಂದ್ರದಲ್ಲಿ (ಕೆಳಗಿನ ಸಪ್ತಕದಲ್ಲಿ) ಗಂಟೆಗಟ್ಟಲೆ ಸ್ವರ ಹಿಡಿಯುವುದನ್ನು ಕೇಳಿರುತ್ತೀರಿ. ಖರ್ಜದ ರಿಯಾಜ್ ಅನ್ನುತ್ತಾರೆ. ನಮಗೆ ರಾತ್ರಿ ಹಾಡುವ ಮುಂಚೆ ಅಷ್ಟು ಬೇಡ, ಮೂರು ನಿಮಿಷ ಸಾಕು. ಪೇಟಿಯಲ್ಲಿ ಗಂಡಸರು ಕರಿ 1, ಹೆಂಗಸರು ಕರಿ 5 ಹಿಡಿಯಿರಿ. ಷಡ್ಜದಲ್ಲಿ "ಆ" ಅಂತ ನಿಲ್ಲಿ, ಒಂದು ಉಸಿರು ಮುಗಿಯುವವರೆಗೆ. ಮಗ್ಗುಲಲ್ಲಿ ಕೂತವರ ಜೊತೆ ಮಾತಾಡುವಷ್ಟು ಮೆಲು ದನಿ ಇರಲಿ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ: ಸಾ, ಮಂದ್ರದ ನಿ, ಧ, ಪ. ಒಂದೊಂದು ಸ್ವರದಲ್ಲೂ ಒಂದು ಪೂರ್ತಿ ಉಸಿರು.

ಕೆಳಗೆ ಹೋಗುವಾಗ ಗದ್ದವನ್ನು ಎದೆಗೆ ಒತ್ತುವುದು ಬಹಳ ಜನರ ಅಭ್ಯಾಸ. ಅದರಿಂದ ದನಿ ದಪ್ಪ ಕೇಳಿಸುತ್ತದೆಯೇ ಹೊರತು ಸ್ವರ ಇಳಿಯುವುದಿಲ್ಲ. ತಲೆ ನೆಟ್ಟಗೆ ಇರಲಿ. ದನಿ ಗರಗರ ಅನ್ನಲು ಶುರು ಮಾಡಿತೋ, ಆ ಸ್ವರವೇ ಅಂದಿನ ತಳ. ಮತ್ತೆ ಕೆಳಗೆ ತಳ್ಳಬೇಡಿ, ಮೇಲೆ ಬನ್ನಿ. ಕೆಲವು ದಿನ ಪಂಚಮದವರೆಗೆ ಇಳಿಯುತ್ತದೆ, ಕೆಲವು ದಿನ ನಿಷಾದಕ್ಕೇ ನಿಲ್ಲುತ್ತದೆ. ಹೆಣ್ಣುಮಕ್ಕಳು ಗಂಡಸರ ಖರ್ಜ ಅನುಕರಿಸಲು ಹೋಗಬಾರದು.

ಎಂಟು ಮೆಟ್ಟಿಲು (ನಾಲ್ಕು ನಿಮಿಷ)

ಈಗ ಮೇಲೆ ಹೋಗುವ ಹೊತ್ತು. ಪೇಟಿ ನುಡಿಸುವವರು ಜೊತೆಗಿದ್ದರೆ ಒಳ್ಳೆಯದು. ಸಾ ರೆ ಗ ಮ ಪ ಮ ಗ ರೆ ಸಾ, ಈ ಒಂದು ಸಾಲನ್ನೇ "ಆ"ಕಾರದಲ್ಲಿ ಹಾಡುವುದು. ಮೊದಲು ಕರಿ 1ನ್ನು ಷಡ್ಜ ಮಾಡಿ. ಮುಗಿದ ತಕ್ಷಣ ಪೇಟಿಯವರು ಪಕ್ಕದ ಪಟ್ಟಿಗೆ ಸರಿಯಲಿ: ಬಿಳಿ 2, ಕರಿ 2, ಬಿಳಿ 3, ಬಿಳಿ 4, ಕರಿ 3, ಬಿಳಿ 5, ಕರಿ 4. ಕರಿ 1 ಸೇರಿ ಎಂಟು ಮೆಟ್ಟಿಲು. ಸಾಲು ಅದೇ, ಷಡ್ಜ ಮಾತ್ರ ಒಂದೊಂದು ಹೆಜ್ಜೆ ಏರುತ್ತದೆ. ಕರಿ 4ಕ್ಕೆ ಬರುವಾಗ, ನೀವು ರಾತ್ರಿಯಿಡೀ ಹಾಡಬೇಕಾದ ಪಟ್ಟಿಗೆ ಗಂಟಲು ಗೊತ್ತೇ ಆಗದ ಹಾಗೆ ಬಂದು ಕೂತಿರುತ್ತದೆ. ನಾನು ಆ ಜಾತ್ರೆಯಲ್ಲಿ ಒಂದೇ ಜಿಗಿತಕ್ಕೆ ಹತ್ತಲು ಹೋದ ಮಾಳಿಗೆಗೆ ಇದೇ ಏಣಿ.

ಹೆಂಗಸರು ಕರಿ 5ರಿಂದ ಹೀಗೇ ತಮ್ಮ ಹಿತದ ಪಟ್ಟಿಯವರೆಗೆ ಏರಬಹುದು. ಎರಡು ಮೆಟ್ಟಿಲು "ಆ", ಎರಡು "ಈ", ಎರಡು "ಊ", ಕೊನೆಯ ಎರಡು "ಓ" ಮಾಡಿದರೆ ಬಾಯಿಗೂ ಕೆಲಸ ಸಿಗುತ್ತದೆ. "ಈ" ಅನ್ನುವಾಗ ತುಟಿ ಕಿವಿಯವರೆಗೆ ಎಳೆಯಬೇಡಿ. ಯಾವುದೇ ಮೆಟ್ಟಿಲಲ್ಲಿ ಕುತ್ತಿಗೆಯ ನರ ಉಬ್ಬಿದರೆ, ಗದ್ದ ಮೇಲೆ ಎದ್ದರೆ, ಒಂದು ಮೆಟ್ಟಿಲು ಇಳಿದು ಮತ್ತೆ ಹಾಡಿ. ಮೊಬೈಲಿನ ಕ್ಯಾಮೆರಾ ಎದುರಿಗೆ ಇಟ್ಟುಕೊಂಡರೆ ಇದು ತಕ್ಷಣ ಕಾಣುತ್ತದೆ.

ತಾರ ಷಡ್ಜವನ್ನು ಕೊನೆಗೆ, ತುಟಿ ನಡುಗಿಸುತ್ತಲೇ ಮುಟ್ಟಿ. ಕರಿ 4ರಲ್ಲಿ ಪಂಚಮದಿಂದ ತಾರ ಷಡ್ಜಕ್ಕೆ "ಭುರ್ರ್" ಅಂತ ಜಾರಿ, ತಕ್ಷಣ ಇಳಿಯಿರಿ. ಎರಡು ಸಲ ತುಟಿಯಲ್ಲಿ, ಒಂದು ಸಲ ಬಾಯಿ ಬಿಟ್ಟು. ಮುಟ್ಟಿ ಬಂದರೆ ಸಾಕು. ಮೆರೆಸುವುದೆಲ್ಲ ಪದದಲ್ಲಿ ಇರಲಿ.

ಒಂದು ನಿಮಿಷ ಬಾಯಿಗೆ ಕೊಡಿ. ತತ್ವಪದದಲ್ಲಿ ಮಾತೇ ಮುಖ್ಯ, ಅದು ತೊದಲಿದರೆ ಪದದ ಜೀವ ಹೋಗುತ್ತದೆ. "ಕಪ್ಪು ಕುಂಕುಮ, ಕೆಂಪು ಕುಂಕುಮ" ಅಂತ ಮೊದಲು ನಿಧಾನ, ಆಮೇಲೆ ಬೇಗ ಹೇಳಿ. ಹಾಡಬೇಕಾದ ಪದದ ಮೊದಲ ನುಡಿಯನ್ನು ರಾಗ ಇಲ್ಲದೆ, ತಾಳಕ್ಕೆ ಓದಿಕೊಳ್ಳಿ.

ಮೊದಲನೇ ಪದ ಯಾವುದು?

ಹಿರಿಯರು ಮೊದಲು ಗಣಪತಿ ಸ್ತುತಿ, ಆಮೇಲೆ ಗುರುಸ್ತುತಿ ಹಾಡುತ್ತಿದ್ದರು. ವಿಳಂಬದಲ್ಲಿ, ಮಧ್ಯ ಸಪ್ತಕದಲ್ಲಿ, ಎಲ್ಲರೂ ಕೂಡಿ. ಭಕ್ತಿಯಂತೂ ಸರಿಯೇ. ಗಂಟಲಿಗೂ ಅದು ಎಷ್ಟು ಒಳ್ಳೆಯದು ಅಂತ ನನಗೆ ತಡವಾಗಿ ಹೊಳೆಯಿತು. ಕಂಪನಿ ನಾಟಕದಲ್ಲಿ ಪರದೆ ಏಳುವಾಗ ಎಲ್ಲ ನಟರೂ ಸೇರಿ ಹಾಡುವ ನಾಂದಿಯೂ ಹಾಗೇ ಅಲ್ವಾ? ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಏಣಗಿ ಬಾಳಪ್ಪ, ಬೀಳಗಿಯಿಂದ ಹೋಗಿ ಮುಂಬೈ ಸಿನಿಮಾದಲ್ಲಿ ಹಾಡಿದ ಅಮೀರ್‌ಬಾಯಿ ಕರ್ನಾಟಕಿ, ಇಂಥವರೆಲ್ಲ ಬೆಳೆದ ಕಾಲದಲ್ಲಿ ರಂಗದ ಮೇಲೆ ಮೈಕಿನ ಆಸರೆ ಇರಲಿಲ್ಲ. ಕೊನೆಯ ಸಾಲಿನವರಿಗೂ ಬರೀ ಗಂಟಲಿನಿಂದ ಮುಟ್ಟಿಸಬೇಕಿತ್ತು.

ಈಗ ಗಣಪತಿ ಸ್ತುತಿಯನ್ನೇ ದ್ರುತದಲ್ಲಿ, ಕೀಬೋರ್ಡ್ ಹಾಕಿಕೊಂಡು ಕೂಗುತ್ತಾರೆ. ದಯವಿಟ್ಟು ಅದನ್ನು ಹಳೆಯ ನಡೆಗೇ ಬಿಡಿ. ಪಟ್ಟಿಯ ವಿಷಯದಲ್ಲೂ ಹಟ ಬೇಡ. ಆಚೆ ಓಣಿಯ ಮೇಳ ಕರಿ 4ರಲ್ಲಿ ಹಾಡಿತು ಅಂತ ನಾವು ಬಿಳಿ 6ಕ್ಕೆ ಹೋಗಬೇಕಾಗಿಲ್ಲ. ಮೊದಲ ಎರಡು ಪದ ಕರಿ 2ರಲ್ಲಿ ಹಾಡಿ, ಆಮೇಲೆ ಏರಿಸಿದರೆ ಕೇಳುವವರು ಯಾರೂ ಎದ್ದು ಹೋಗುವುದಿಲ್ಲ. ನಿಮ್ಮ ದನಿ ನಿಮಗೇ ಕೇಳಿಸದಿದ್ದರೆ ಜೋರು ಹಾಡುವ ಮುಂಚೆ ತಾಳದವರಿಗೆ ಮೆಲ್ಲಗೆ ಹಾಕಲು ಹೇಳಿ, ಸೌಂಡ್ ಬಾಕ್ಸನ್ನು ನಿಮ್ಮ ಕಡೆ ಸ್ವಲ್ಪ ತಿರುಗಿಸಿಕೊಳ್ಳಿ.

ಖ್ಯಾಕರಿಸುವುದನ್ನು ಬಿಡಿ. ಖ್ಯಾಕರಿಸಿದಾಗ ಧ್ವನಿತಂತುಗಳು ಒಂದಕ್ಕೊಂದು ಬಲವಾಗಿ ಉಜ್ಜುತ್ತವೆ, ಅದಕ್ಕೆ ಇನ್ನಷ್ಟು ಸಿಂಬಳ ಬರುತ್ತದೆ, ಮತ್ತೆ ಖ್ಯಾಕರಿಸಬೇಕು ಅನ್ನಿಸುತ್ತದೆ. ಒಂದು ಗುಟುಕು ನೀರು ಕುಡಿಯಿರಿ, ಇಲ್ಲವೇ ಉಗುಳು ನುಂಗಿ, ಬಾಯಿ ಮುಚ್ಚಿ ಒಂದು ಸಲ "ಮ್‌" ಅನ್ನಿ.

ಹೊತ್ತೇ ಇಲ್ಲದ ದಿನ, ಮಗ್ಗ ನಿಲ್ಲಿಸಿ ಸೀದಾ ಗುಡಿಗೆ ಓಡಿ ಬಂದ ದಿನ, ದಾರಿಯಲ್ಲೇ ಮೂರು ನಿಮಿಷ "ಭುರ್ರ್" ಮಾಡುತ್ತ ಬನ್ನಿ. ಗಾಡಿಯ ಮೇಲೆ ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸುವುದಿಲ್ಲ.

ಹುಡುಗರು, ಹೆಣ್ಣುಮಕ್ಕಳು, ದನಿ ಕೆಟ್ಟ ದಿನ

12ರಿಂದ 15 ವರ್ಷದ ಹುಡುಗರ ದನಿ ಒಡೆಯುವ ಕಾಲ. ಹೋದ ವರ್ಷ ಏರು ದನಿಯಲ್ಲಿ ಬಹುಮಾನ ತಂದ ಹುಡುಗ ಈ ವರ್ಷ ಕೋಳಿ ಕೂಗಿದ ಹಾಗೆ ಹಾಡುತ್ತಾನೆ. ಅವನನ್ನು ಹಳೆಯ ಪಟ್ಟಿಗೆ ಎಳೆಯಬೇಡಿ, ನಗಬೇಡಿ. ಪಟ್ಟಿ ಇಳಿಸಿ, ಸ್ಟ್ರಾ ಕೊಡಿ, ಮೆಲ್ಲಗೆ ಹಾಡಲು ಬಿಡಿ. ಹೆಣ್ಣುಮಕ್ಕಳಿಗೆ ತಿಂಗಳ ದಿನಗಳ ಆಸುಪಾಸು ಧ್ವನಿತಂತು ಸ್ವಲ್ಪ ಊದಿ ಮೇಲಿನ ಸ್ವರ ಕಷ್ಟವಾಗಬಹುದು. ಅಂದು ಸ್ಟ್ರಾ ಜಾಸ್ತಿ, ಏರಿಕೆ ಕಡಿಮೆ.

ನೆಗಡಿ ಗಂಟಲಿಗೆ ಇಳಿದಿದ್ದರೆ, ನುಂಗುವಾಗ ನೋವಿದ್ದರೆ ಹಾಡಬೇಡಿ. ನೋವಿನ ಗುಳಿಗೆ ನುಂಗಿ ಹಾಡುವುದಂತೂ ಬೇಡವೇ ಬೇಡ. ನೋವು ಗೊತ್ತಾಗದೆ ಇದ್ದಾಗಲೇ ಪೆಟ್ಟು ದೊಡ್ಡದಾಗುತ್ತದೆ. ಹಾಡುತ್ತಿರುವಾಗ ದನಿ ಥಟ್ಟನೆ ನಿಂತರೆ, ನನಗೆ ಆದ ಹಾಗೆ, ಪದ ಅಲ್ಲೇ ಬಿಡಿ, ಆಮೇಲೆ ಮೌನವಾಗಿರಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ಬೇಗ ತೋರಿಸಿ. ಧ್ವನಿತಂತಿನ ಸಣ್ಣ ರಕ್ತನಾಳ ಒಡೆದಿದ್ದರೂ ಹೀಗೇ ಆಗುತ್ತದೆ. ಪಿಸುಮಾತು ಆಡಿದರೆ ವಿಶ್ರಾಂತಿ ಸಿಗುತ್ತದೆ ಅಂದುಕೊಳ್ಳಬೇಡಿ, ಅದರಲ್ಲೂ ಗಂಟಲು ಬಿಗಿಯುತ್ತದೆ. ಯಾವ ಕಾರಣವೂ ಇಲ್ಲದೆ ಮೂರು ವಾರ ದನಿ ಗೊಗ್ಗರಾಗಿಯೇ ಇದ್ದರೆ, ಅದರಲ್ಲೂ ತಂಬಾಕು ಅಭ್ಯಾಸ ಇದ್ದರೆ, ಕಷಾಯ ಕುಡಿಯುತ್ತ ಕೂರದೆ ತೋರಿಸಿಕೊಳ್ಳಿ.

ಮಂಗಳಾರತಿ ಆದ ಮೇಲೆ

ಓಡಿ ಬಂದ ಎತ್ತನ್ನು ಥಟ್ಟನೆ ಕಟ್ಟುವುದಿಲ್ಲ. ಹಾಡು ಮುಗಿದ ಮೇಲೆ ಎರಡು ನಿಮಿಷ ಅದೇ ಲೋಟ, ಅದೇ ಸ್ಟ್ರಾ. ಈ ಸಲ ಮೇಲಿಂದ ಕೆಳಕ್ಕೆ ಮಾತ್ರ ಜಾರಿಸಿ, ಮೆಲ್ಲಗೆ. ಆಮೇಲೆ ಬಿಸಿನೀರು ಕುಡಿದು, ಗದ್ದಲದಲ್ಲಿ ಹರಟೆ ಹೊಡೆಯದೆ ಮನೆಗೆ ಹೋಗಿ. ಹಾಡಿದ್ದಕ್ಕಿಂತ ಆಮೇಲಿನ ಹರಟೆಯಲ್ಲೇ ದನಿ ಹೋಗುವವರನ್ನು ನಾನು ಬಹಳ ನೋಡಿದ್ದೇನೆ.

ಬೆಳಿಗ್ಗೆ ಎದ್ದು ಒಂದು ಗಂಟೆ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಗೊತ್ತಿರುವ ಯಾವುದಾದರೂ ಲಾಲಿಯ ಒಂದು ಸಾಲನ್ನು ಏರು ಸ್ವರದಲ್ಲಿ, ಆದರೆ ತೊಟ್ಟಿಲ ಮಗು ಏಳದಷ್ಟು ಮೆಲ್ಲಗೆ ಹಾಡಿ ನೋಡಿ. ಧ್ವನಿತಂತು ಊದಿದ್ದರೆ ಜೋರು ದನಿ ಬರುತ್ತದೆ, ಈ ಮೆಲು ದನಿ ಬರುವುದಿಲ್ಲ. ನಡುವೆ ಗಾಳಿ ಬರುತ್ತದೆ, ಸ್ವರ ತಡವಾಗಿ ಹತ್ತುತ್ತದೆ. ಸಲೀಸಾಗಿ ಬಂದರೆ ಅಂದು ರಾತ್ರಿ ಮತ್ತೆ ಪೇಟಿ ಮುಂದೆ ಕೂರಿ. ಬಾರದಿದ್ದರೆ ಆ ರಾತ್ರಿ ತಾಳ ಹಿಡಿಯಿರಿ, ಪದ ಇನ್ನೊಬ್ಬರು ಹೇಳಲಿ.